ಒಂದು ಅರ್ಕಾವತ್ತು ಕಾಣೆಯಾಗಿದೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಹಳೆಯ ಪ್ರಿಂಟರು ಎರಡು ಸಲ ಕೆಮ್ಮಿ, ಒಲ್ಲದ ಮನಸ್ಸಿನಿಂದ ಒಂದು ಹಾಳೆಯನ್ನು ಹೊರಗೆ ತಳ್ಳುತ್ತದೆ. ಸ್ವೆಟರಿನ ತೋಳು ಮೇಲೇರಿಸಿಕೊಂಡು ಕಾದು ನಿಂತಿದ್ದ ಹೆಂಗಸು ಅದನ್ನು ಕಿಟಕಿಗೆ ಹಿಡಿದು ನೋಡುತ್ತಾರೆ. ಅಕ್ಷರಗಳು ಹೆಬ್ಬೆರಳ ಉಗುರಿನಷ್ಟು ದೊಡ್ಡವು. "ಮುಟ್ಟಿ ನೋಡಿ, ಬಿಸಿಬಿಸಿ ಇದೆ" ಎಂದು ಹಾಳೆಯನ್ನು ಪತ್ರಿಕೆಗೆ ಬರೆಯಲು ಬಂದ ನನ್ನ ಕೈಗಿಡುತ್ತಾರೆ.

ಎಲ್ಲರಿಗೂ ಇವರು 'ದಪ್ಪಕ್ಷರದ ಅಕ್ಕ'. "ದಪ್ಪ ಅನ್ನೋದು ಅಕ್ಷರಕ್ಕೆ ಸೇರಿದ್ದು, ಅಕ್ಕನಿಗಲ್ಲ. ಇದನ್ನ ಮೊದ್ಲು ಬರ್ಕೊಳ್ಳಿ!" ಎಂದು ನನ್ನ ಪೆನ್ನಿನತ್ತ ಬೆರಳು ತೋರಿಸುತ್ತಾರೆ. ತೆಪ್ಪಗೆ ಬರೆದುಕೊಳ್ಳುತ್ತೇನೆ.

ಅಕ್ಕ ಇಲ್ಲಿನ ಟೈಪಿಸ್ಟ್. ಪುಸ್ತಕಗಳ ಚೀಟಿ, ಸಭೆಯ ಸೂಚನೆ, ಬಾಗಿಲಿಗೆ ಅಂಟಿಸುವ 'ಸದ್ದು ಮಾಡಬೇಡಿ' ಎಲ್ಲವೂ ಇವರ ಕೈಯಿಂದಲೇ. ಒಂದು ದಿನ ಅಕ್ಕನ ಅತ್ತೆ ಓದುತ್ತಿದ್ದ ಪುಸ್ತಕವನ್ನು ಮಡಚಿ, "ಅಕ್ಷರ ಎಲ್ಲಾ ಇರುವೆ ಸಾಲಾಗ್ತಿದೆ ಕಣೇ, ಇನ್ನು ಸಾಕು" ಎಂದರಂತೆ. ಮಾರನೆಯ ಬೆಳಿಗ್ಗೆ ಸೊಸೆ ಅದೇ ಕಾದಂಬರಿಯ ಎರಡು ಪುಟವನ್ನು ದೊಡ್ಡದಾಗಿ ಟೈಪ್ ಮಾಡಿ ತಂದುಕೊಟ್ಟರು. ಸುದ್ದಿ ಅಕ್ಕಪಕ್ಕಕ್ಕೆ ಹಬ್ಬಿತು. ಈಗ ಕಣ್ಣು ಮಂಜಾದ ನಲವತ್ತು ಮಂದಿಯ ಮನೆ ಬಾಗಿಲಿಗೆ ಪ್ರತಿ ಬೆಳಿಗ್ಗೆ ಕಾದಂಬರಿಯ ಒಂದು ಕಂತು ಹೋಗುತ್ತದೆ. ಹಂಚುವವರೂ ಅಕ್ಕನೇ, ಅದೂ ನಡೆದುಕೊಂಡು.

ಹೋದ ವರ್ಷ ಈ ಕೆಲಸಕ್ಕೇ ಸಂಚಕಾರ ಬಂದಿತ್ತು. ಗ್ರಂಥಾಲಯದ ಹಳೆಯ ಕಂಪ್ಯೂಟರ್ ಕಣ್ಣು ಮುಚ್ಚಿತು. ಹೊಸದರಲ್ಲಿ ಕನ್ನಡ ಟೈಪ್ ಮಾಡುವ ಹಳೆಯ ಸಾಫ್ಟ್‌ವೇರ್ ಓಡುವುದಿಲ್ಲ. ಅದರ ಹೊಸ ಆವೃತ್ತಿ ಬೇಕೆಂದರೆ ವರ್ಷ ವರ್ಷವೂ ಚಂದಾ ಕಟ್ಟಬೇಕು. ಇಲ್ಲವೆಂದರೆ ಉಚಿತವಾಗಿ ಸಿಗುವ ಇನ್ನೊಂದಿದೆ. ಗ್ರಂಥಪಾಲಕರು ಅಕ್ಕನನ್ನು ಕರೆದು ಮುಚ್ಚುಮರೆಯಿಲ್ಲದೆ ಹೇಳಿದರು: "ಅಕ್ಕಾ, ಚಂದಾ ಕಟ್ಟಿದ್ರೆ ನಿಮ್ಮ ದಪ್ಪಕ್ಷರದ ಕಾಗದಕ್ಕೆ ಏನೂ ಉಳಿಯಲ್ಲ. ಟೈಪ್ ಮಾಡೋರು ನೀವು, ನೀವೇ ತೀರ್ಮಾನ ಮಾಡಿ."

"ಬಿಟ್ಟಿ ಅಂದ್ರೆ ನಂಗೆ ಮೊದ್ಲಿಂದಾನೂ ಅನುಮಾನ. ಆದ್ರೂ ಒಂದು ಕೈ ನೋಡೇಬಿಡೋಣ ಅಂತ ಹಾಕಿಸ್ಕೊಂಡೆ" ಎನ್ನುತ್ತಾರೆ ಅಕ್ಕ. ಮೊದಲೇ ಟೈಪ್ ಮಾಡಿಟ್ಟಿದ್ದ ಕಂತು ಹೊಸದರಲ್ಲಿ ಪಟ್ಟನೆ ತೆರೆದುಕೊಂಡಿತು. ಅಕ್ಕನಿಗೆ ಸ್ವರ್ಗಕ್ಕೆ ಮೂರೇ ಗೇಣು. ಹಿಂದೆ ಮುಂದೆ ನೋಡದೆ ಮುದ್ರಿಸಿ, ನಲವತ್ತು ಮನೆಗೂ ಹಂಚಿ ಬಂದರು. ಉಳಿದ ಒಂದು ಪ್ರತಿಯನ್ನು ಕುಳಿತು ಓದಿದಾಗಲೇ ಗೊತ್ತಾದದ್ದು. ಹಳೆಯ ಕಡತದ ಅರ್ಕಾವತ್ತುಗಳೆಲ್ಲ ಮಾಯ! ಅಕ್ಷರದ ಬಲಕ್ಕೆ ನೇತಾಡುವ ಆ ಪುಟ್ಟ ಕೊಕ್ಕೆ ಒಂದೂ ಉಳಿದಿಲ್ಲ. 'ನ್ಯಾಯಮೂರ್ತಿಗಳು ಕುರ್ಚಿಯಲ್ಲಿ ಕುಳಿತು ಅರ್ಜಿಯನ್ನು ಎತ್ತಿಕೊಂಡರು' ಎಂಬ ಗಂಭೀರ ವಾಕ್ಯ, 'ನ್ಯಾಯಮೂತಿಗಳು ಕುಚಿಯಲ್ಲಿ ಕುಳಿತು ಅಜಿಯನ್ನು ಎತ್ತಿಕೊಂಡರು' ಎಂದಾಗಿತ್ತು.

"ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು. ಚಂದಾನೇ ಕಟ್ಟಲಿ, ನನ್ನ ಹಾಳೆ ಇಲ್ಲಿಗೆ ನಿಲ್ಲಲಿ ಅಂದ್ಕೊಂಡು, ಕೊಟ್ಟಿದ್ದನ್ನ ವಾಪಸ್ ಇಸ್ಕೊಳ್ಳೋಕೆ ಓಡಿದೆ." ಮೊದಲು ಹೋದದ್ದು ಬೀದಿಯ ಮೂಲೆಯ ಟೈಲರ್ ಅಜ್ಜಿಯ ಮನೆಗೆ. ಸೂಜಿಗೆ ದಾರ ಪೋಣಿಸಲಾಗದೆ ಹೊಲಿಗೆ ಬಿಟ್ಟಂದಿನಿಂದ ಅಜ್ಜಿ ಮುಖ ಗಂಟು ಹಾಕಿಕೊಂಡೇ ಇದ್ದವರು. ಅಂದು ಬಾಗಿಲಲ್ಲಿ ಕುಳಿತು, ಹಾಳೆಯನ್ನು ಎದೆಗೊತ್ತಿಕೊಂಡು, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು.

"ನ್ಯಾಯಮೂತಿ ಬಂದು ಅಜ್ಜೀನ ಎತ್ಕೊಂಡ್ನಂತೆ! ಈ ವಯಸ್ಸಲ್ಲಿ ನಮ್ಮನ್ನ ಎತ್ಕೊಳ್ಳೋನೂ ಒಬ್ಬ ಇದಾನಲ್ಲೇ!"

ಹಾಳೆ ಕೊಡಿ, ಇನ್ನು ಮೇಲೆ ತರುವುದಿಲ್ಲ ಎಂದು ಅಕ್ಕ ಹೇಳುತ್ತಲೇ ಅಜ್ಜಿಯ ನಗು ನಿಂತಿತು. "ಗುಂಡಿ ಕಿತ್ತುಹೋಯ್ತು ಅಂತ ಯಾವಳಾದ್ರೂ ಅಂಗೀನೇ ಎಸೀತಾಳೇನೇ? ಬಿಟ್ಟುಹೋದ ಕೊಕ್ಕೆ ನಾನು ಹಾಕ್ಕೋತೀನಿ. ನೀನು ತರೋದು ತಾ." ಹಾಳೆಯನ್ನಂತೂ ವಾಪಸ್ ಕೊಡಲೇ ಇಲ್ಲ.

ಅಕ್ಕ ಸೀದಾ ಗ್ರಂಥಪಾಲಕರ ಮೇಜಿಗೆ ಹೋಗಿ ಹೇಳಿದ್ದು ಒಂದೇ ಮಾತು: "ಸಾರ್, ಕಾಗದ ತರಿಸಿ."

ಹೇಳಿದಷ್ಟು ಸುಲಭವಾಗಿರಲಿಲ್ಲ, ಬಿಡಿ. ಇಡೀ ಕಾದಂಬರಿಯನ್ನು ಹೊಸದಾಗಿ ಟೈಪ್ ಮಾಡಬೇಕಾಯಿತು. "ಹಳೇದ್ರಲ್ಲಿ ಕೊಕ್ಕೆ ಕೊನೇಲಿ ಒತ್ತೋದು. ಇದ್ರಲ್ಲಿ ರಕಾರ ಮೊದ್ಲು ಹೊಡೀಬೇಕು. ತಲೆಗೆ ಗೊತ್ತು, ಬೆರಳು ಕೇಳ್ಬೇಕಲ್ಲ!" ಎಂದು ಅಕ್ಕ ತಮ್ಮ ಬೆರಳುಗಳಿಗೇ ಗದರುತ್ತಾರೆ. ಹೀಗೆ ದಿನವೂ ನಾಲ್ಕಾರು ಕೊಕ್ಕೆ ತಪ್ಪುತ್ತಿತ್ತು. ಓದುಗರು ಪೆನ್ಸಿಲ್ ಹಿಡಿದು ಕೂತರು. ಬೆಳಿಗ್ಗೆ ಗ್ರಂಥಾಲಯದ ಫೋನಿಗೆ ಬಿಡುವಿಲ್ಲ. ಬಿಟ್ಟುಹೋದ ಕೊಕ್ಕೆ ಯಾರಿಗೆ ಮೊದಲು ಸಿಕ್ಕಿತು ಎಂದು ಅಜ್ಜಿಗೂ ಅಕ್ಕನ ಅತ್ತೆಗೂ ಜಟಾಪಟಿಯೇ ನಡೆಯಿತು.

ಕೊನೆಗೂ ಬೆರಳು ಮಾತು ಕೇಳಿತು. ಒಂದು ಬೆಳಿಗ್ಗೆ ಒಂದೂ ತಪ್ಪಿಲ್ಲದ ಹಾಳೆ ಹೋಯಿತು. ಹೊಗಳಿಕೆಗೆ ಕಾದಿದ್ದ ಅಕ್ಕನಿಗೆ ಬಂದದ್ದು ಅಜ್ಜಿಯ ಬೈಗುಳ: "ಏನೇ ಇದು? ಮೂರು ಸಲ ಓದ್ದೆ, ಏನೂ ಸಿಗಲಿಲ್ಲ. ಸಪ್ಪೆ!"

ಅಂದಿನಿಂದ ಅಕ್ಕ ದಿನಕ್ಕೊಂದು ಕೊಕ್ಕೆಯನ್ನು ಬೇಕೆಂದೇ ಬಿಡುತ್ತಾರೆ. ಯಾವುದನ್ನು ಬಿಡುವುದು ಎಂದು ಯೋಚಿಸುವಾಗ ಅವರ ಮುಖ ನೋಡಬೇಕು, ಕಳ್ಳ ಸಂತೋಷ ತುಳುಕುತ್ತಿರುತ್ತದೆ. ಆ ಖುಷಿ ಕಂಡು ನನಗೂ ಮನಸ್ಸು ತುಂಬಿ ಬರುತ್ತದೆ. ಇವತ್ತಿನದು ಎಲ್ಲಿದೆ ಎಂದು ಕೇಳಿದರೆ, "ಅದನ್ನ ಹೇಳಿದ್ರೆ ಅಜ್ಜಿ ನನ್ನ ಸುಮ್ನೆ ಬಿಡ್ತಾರಾ?" ಎಂದು ಚೀಲ ಹೆಗಲಿಗೇರಿಸುತ್ತಾರೆ.

ಹೊರಡುವ ಮುನ್ನ, ಏನಾದರೂ ಆಸೆ ಇದೆಯೇ ಅಕ್ಕಾ ಎಂದು ಕೇಳುತ್ತೇನೆ. ಅವರು ಮೆಟ್ಟಿಲ ಮೇಲೆ ನಿಂತು ಸ್ವಲ್ಪ ನಾಚುತ್ತಾರೆ. "ನೀವು ಬರೆದಿದ್ದನ್ನ ನಮ್ಮೋರಿಗೆ ದಪ್ಪಕ್ಷರದಲ್ಲಿ ಕೊಡ್ತೀನಿ. ನಿಮ್ಮ ಪೇಪರ್‌ನಲ್ಲೂ ಒಂದೇ ಒಂದು ಕೊಕ್ಕೆ ಬಿಡ್ತೀರಾ? ಹುಡುಕ್ಕೊಳ್ಳಲಿ."

ನಮ್ಮ ಕರಡು ತಿದ್ದುವವರ ಕೈಕಾಲು ಹಿಡಿದು ಒಪ್ಪಿಸಿದ್ದೇನೆ. ದಪ್ಪಕ್ಷರದ ಅಕ್ಕನ ಆಸೆ ಇಲ್ಲಿಗೆ ಪೂತಿಯಾಯಿತು.