ಹಸಿರು ಬಾಗಿಲಿನ ಗುರುತು

ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ. ಸಿರುಗುಪ್ಪದ ಬಸ್ ನಿಲ್ದಾಣದಲ್ಲಿ ನಿಂತಿದ್ದೆ. ಎರಡು ಬೈಕುಗಳು ಬಂದು ನನ್ನನ್ನು ಗೋಡೆಗೆ ಒತ್ತಿದಂತೆ ನಿಂತವು.

"ಏನ್ ಮೇಡಂ, ನಮ್ಮ ಮನಿ ಬಾಗ್ಲ ಅಷ್ಟು ಚಂದ ಐತೇನ್ರಿ? ಬಣ್ಣಾನೂ ಬರಕೊಂಡೀರಲ್ಲ," ಎಂದು ಒಬ್ಬ ಮೊಬೈಲ್ ಮುಂದೆ ಹಿಡಿದ. ಅದರಲ್ಲಿದ್ದುದು ನನ್ನ ಕೈಬರಹದ ಹಾಳೆಯ ಫೋಟೋ.

ಎಂ.ಎ. ಮುಗಿಸಿ, ಬಳ್ಳಾರಿಯಲ್ಲಿ ನನಗೆ ಪಾಠ ಹೇಳಿದ್ದ ಮೇಷ್ಟ್ರ ಸಂಶೋಧನೆಗೇ ಸಹಾಯಕಿಯಾಗಿದ್ದೆ. ಚುನಾವಣೆ, ಪಕ್ಷ, ಓಣಿಯ ಜಗಳಗಳು ಓದುವ ವಯಸ್ಸಿನವರ ಮನಸ್ಸನ್ನು ಏನು ಮಾಡುತ್ತವೆ ಎಂದು ಕೇಳಿ ಬರೆದುಕೊಳ್ಳುವ ಕೆಲಸ. ಹೆಸರು ಬರೆಯುವಂತಿಲ್ಲ, ಸಂಖ್ಯೆ ಮಾತ್ರ. ಆದರೆ ತಿಂಗಳು ಬಿಟ್ಟು ಅದೇ ಮನೆಗೆ ಮತ್ತೆ ಹೋಗಬೇಕು. ಅದಕ್ಕೆ ಹಾಳೆಯ ಮೂಲೆಯಲ್ಲಿ ಪೆನ್ಸಿಲಿನಿಂದ ಗುರುತು ಬರೆದಿಡುತ್ತಿದ್ದೆ: ಕುರುಗೋಡು, ಗಿರಣಿ ಎದುರು, ಹಸಿರು ಬಾಗಿಲು.

ಆ ಮನೆಯ ಹುಡುಗಿ ಬಿ.ಎ. ಓದುತ್ತಿದ್ದಳು. ಚಹಾ ಕೊಟ್ಟು, ದನಿ ತಗ್ಗಿಸಿ ಹೇಳಿದ್ದಳು: "ನಮ್ಮಣ್ಣ ಪಾರ್ಟಿ ಲೀಡರ್ ಹಿಂದ ತಿರಗಾಕ ಹತ್ತಿದ ಮ್ಯಾಲೆ ಮನ್ಯಾಗ ಯಾರೂ ಮಾತಾಡಂಗಿಲ್ರಿ ಅಕ್ಕ. ಅವನ ಬೈಕಿನ ಸಪ್ಪಳ ಕೇಳಿದ್ರ ಎದಿ ಹೊಡ್ಕೊಂತೈತಿ. ನಿದ್ದೀನ ಇಲ್ಲ. ಇದು ಯಾರಿಗೂ ಗೊತ್ತಾಗಂಗಿಲ್ಲ, ಹೌದಿಲ್ಲ?"

"ಗೊತ್ತಾಗಂಗಿಲ್ಲ" ಎಂದಿದ್ದೆ.

ಈಗ ಮೊಬೈಲ್ ಹಿಡಿದು ನಿಂತವನೇ ಆ ಅಣ್ಣ. "ಆಕಿ ಇನ್ನ ಕಾಲೇಜಿಗೆ ಹೋಗಂಗಿಲ್ಲ. ನೀವು ಇನ್ನೊಮ್ಮಿ ನಮ್ಮೂರಿಗೆ ಬಂದು ನೋಡ್ರಿ."

ಬಳ್ಳಾರಿ ಬಸ್ ಬಂತು. ಓಡಿ ಹತ್ತಿದೆ. ತೆಕ್ಕಲಕೋಟೆಯವರೆಗೂ ಬೈಕುಗಳು ಕಿಟಕಿಯ ಪಕ್ಕದಲ್ಲೇ ಬಂದವು. ಆ ಮುಕ್ಕಾಲು ಗಂಟೆ ಇವತ್ತಿಗೂ ನನ್ನೊಳಗೆ ಮುಗಿದಿಲ್ಲ.

ನೇರ ಹೋಗಿ ಕೇಳಿದಾಗ ಮೇಷ್ಟ್ರು ಏನನ್ನೂ ಮುಚ್ಚಿಡಲಿಲ್ಲ. "ನಮ್ಮ ಸಂಶೋಧನೆ ಸಭೆಗೆ ಹಾಲ್ ಬಿಟ್ಟುಕೊಟ್ಟೋರು ಆ ಹುಡುಗನ ಲೀಡರ್ ಅಲ್ಲೇನಮ್ಮ? ಹಾಳೆ ನೋಡಬೇಕಂದ್ರು, ತೋರಿಸಿದೆ. ಅದರಾಗ ಹೆಸರೆಲ್ಲಿ ಐತಿ?"

ಐದು ವರ್ಷ ಅವರ ಮಾತನ್ನು ಎರಡನೇ ಸಲ ಯೋಚಿಸದೆ ನಂಬಿದ್ದೆ. ಮೇಜಿನ ಮೇಲಿದ್ದ ಕಟ್ಟಿನಿಂದ ಆ ಹಾಳೆ ತೆಗೆದುಕೊಂಡು ಹೊರಬಂದೆ. ಮತ್ತೆ ಆ ಕೆಲಸಕ್ಕೆ ಹೋಗಲಿಲ್ಲ. ವಿಶ್ವವಿದ್ಯಾಲಯಕ್ಕೆ ದೂರು ಬರೆದುಕೊಟ್ಟೆ. ವಿಚಾರಿಸುತ್ತೇವೆ ಎಂದರು, ಅಷ್ಟೆ. ದಿನವೂ ರಾತ್ರಿ ಬೀದಿಯಲ್ಲಿ ಬೈಕ್ ಹೋದಾಗ ಎದ್ದು ಕೂರುತ್ತಿದ್ದೆ. ಆ ಹುಡುಗಿಯ ಎದೆಬಡಿತ ನನಗೆ ಬಂದಿತ್ತು.

ಮೂರು ತಿಂಗಳ ನಂತರ ಅವಳ ಗೆಳತಿಯೊಬ್ಬಳಿಂದ ತಿಳಿಯಿತು: ತಾಯಿ ಹಟ ಹಿಡಿದು ಅವಳನ್ನು ಬಳ್ಳಾರಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿಟ್ಟು ಕಾಲೇಜಿಗೆ ಸೇರಿಸಿದ್ದಾರೆ. ಹಾಳೆ ತೆಗೆದುಕೊಂಡು ಹೋದೆ.

ಒಳಗೆ ಕರೆಯಲಿಲ್ಲ. ಬಾಗಿಲಲ್ಲೇ ನಿಂತು ಪೂರ್ತಿ ಓದಿದಳು. ಮೊದಲು ಪೆನ್ಸಿಲ್ ಗುರುತಿದ್ದ ಮೂಲೆಯನ್ನು ಹರಿದಳು, ಆಮೇಲೆ ಉಳಿದದ್ದನ್ನು.

"ನೀವ ಹೇಳಿದ್ರಿ, ಗೊತ್ತಾಗಂಗಿಲ್ಲ ಅಂತ."

"ಹೌದು. ನಾನ ಹೇಳಿದ್ದೆ."

ತಡೆಯಲಾರದೆ ಕೇಳಿದೆ: "ಈಗ ನಿದ್ದಿ ಬರತೈತೇನು?"

"ಇದನ್ನೂ ಬರಕೊಂತೀರೇನ್ರಿ?"

"ಇಲ್ಲ."

ನನ್ನ ಖಾಲಿ ಕೈಗಳನ್ನು ನೋಡಿದಳು. "ಬರತೈತಿ. ಇನ್ನ ಬರಬ್ಯಾಡ್ರಿ."

ಆ ರಾತ್ರಿ ಮಲಗಿದ ನನಗೆ ಎಚ್ಚರವಾದಾಗ ಬೆಳಗಾಗಿತ್ತು.