ಗಿರಣಿ ಮುಂದಿನ ಹಾಸುಗಲ್ಲು

ಕಾನಹೊಸಹಳ್ಳಿಯಲ್ಲಿ ಪಕ್ಕೀರಮ್ಮನ ಹಿಟ್ಟಿನ ಗಿರಣಿಯ ಎದುರಿಗೇ ನನ್ನ ಹೊಲಿಗೆ ಅಂಗಡಿ. ನನ್ನ ಹೆಸರು ಹಂಪಮ್ಮ. ಬ್ಲೌಸು ಹೊಲಿಯುತ್ತೇನೆ. ಕೆಲಸ ಕಡಿಮೆ ಇದ್ದಾಗ ತೊಳೆದ ಗೊಬ್ಬರದ ಚೀಲ ಕತ್ತರಿಸಿ ಕೈಚೀಲ ಮಾಡುತ್ತೇನೆ. ಊರಿನ ಅರ್ಧ ಮನೆಗಳ ಜೋಳ ಗಿರಣಿಗೆ ಬರುವುದು ಆ ಬಿಳಿ ಚೀಲಗಳಲ್ಲೇ. ಎಲ್ಲಕ್ಕೂ ಒಂದೇ ಅಳತೆ, ಒಂದೇ ಹಿಡಿಕೆ. ಸಾಲಾಗಿ ಇಟ್ಟರೆ ಹೊಲಿದ ನನಗೇ ಯಾವುದು ಯಾರದೆಂದು ತಿಳಿಯದು. ಪಕ್ಕೀರಮ್ಮನಿಗೆ ತಿಳಿಯುತ್ತಿತ್ತು.

ಚೀಲಕ್ಕೆ ಗುರುತು ಹಾಕಿ ತಂದರೆ ಅವಳಿಗೆ ಸಿಟ್ಟು. "ಯಾಕ, ನಾನೇನ್ ನಿನ್ನ ಜೋಳ ಕದೀತೀನೇನ?" ಎಂದು ಮುಖ ತಿರುಗಿಸುತ್ತಿದ್ದಳು. ಹಾಗಾಗಿ ಯಾರೂ ಗುರುತು ಹಾಕುತ್ತಿರಲಿಲ್ಲ. ಚೀಲ ಇಳಿಸಿ, ಗಿರಣಿ ಮುಂದಿನ ಹಾಸುಗಲ್ಲಿನ ಮೇಲೆ ಕೂತು, ಸೊಸೆಯನ್ನು ಬೈದು, ಮಗಳ ಬಾಣಂತನದ ಸುದ್ದಿ ಹೇಳಿ, ಬಿಸಿ ಹಿಟ್ಟು ಹೊತ್ತು ಹೋಗುತ್ತಿದ್ದರು. ಪಕ್ಕೀರಮ್ಮ ಒಳಗಿಂದಲೇ ಗಿರಣಿಯ ಸದ್ದಿಗಿಂತ ಜೋರಾಗಿ ಉತ್ತರ ಕೊಡುತ್ತಿದ್ದಳು. ಆ ಗದ್ದಲಕ್ಕೆ ನನಗೆ ತಲೆನೋವು ಬರುತ್ತಿತ್ತು.

ನಾನು ಅವಳ ಗೆಳತಿಯೇನೂ ಅಲ್ಲ. ಗಿರಣಿಯ ಹಿಟ್ಟು ಹಾರಿ ಬಂದು ನನ್ನ ಕಪ್ಪು ಬಟ್ಟೆಗಳ ಮೇಲೆ ಕೂರುತ್ತದೆ, ಅದಕ್ಕೆ ಎಷ್ಟೋ ಸಲ ಜಗಳವಾಡಿದ್ದೇವೆ. ಕಂಡದ್ದನ್ನು ಹೇಳುತ್ತೇನೆ, ಅಷ್ಟೇ.

ಗಂಡ ತೀರಿದ ಮೇಲೆ ಗಿರಣಿ ನಡೆಸಿಯೇ ಅವಳು ಮಗ ಪ್ರವೀಣಕುಮಾರನನ್ನು ಓದಿಸಿದ್ದು. ಅವನೀಗ ಹರಪನಹಳ್ಳಿಯಲ್ಲಿ ಸರ್ಕಾರಿ ಕಚೇರಿಯಲ್ಲಿದ್ದಾನೆ. ಹೆಂಡತಿ ಕೋಮಲಾ ಅಲ್ಲೇ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುತ್ತಾಳೆ. ಅವರಿಗೊಂದು ಚಿಕ್ಕ ಕೂಸಿದೆ. ಮಗ ಒಳ್ಳೆಯವನು, ಅದರಲ್ಲಿ ಎರಡು ಮಾತಿಲ್ಲ. ತಾಯಿಗೆ ಕೆಮ್ಮು ಶುರುವಾದಾಗ ತಡಮಾಡದೆ ಡಾಕ್ಟರಿಗೆ ತೋರಿಸಿದ. ಹಿಟ್ಟಿನ ದೂಳು ತಾಗಬಾರದೆಂದು ಅವಳು ಕೂರುವ ಜಾಗಕ್ಕೆ ಗಾಜಿನ ಗೋಡೆ ಹಾಕಿಸಿದ, ಒಳಗೆ ಫ್ಯಾನು, ಮೆತ್ತನೆಯ ಕುರ್ಚಿ. ಹಾಸುಗಲ್ಲು ಕೀಳಿಸಿ ಗಾಡಿ ನಿಲ್ಲಿಸಲು ಜಾಗ ಮಾಡಿದ. "ಬೆಳಿಗ್ಗೆ ಚೀಲ ಇಟ್ಟು ಹೋಗ್ರಿ, ಸಂಜಿಗೆ ಬಂದು ಒಯ್ಯಿರಿ. ಯಾಕ ಸುಮ್ಮನ ಕಾಯ್ತೀರಿ?" ಎಂದು ಎಲ್ಲರಿಗೂ ಹೇಳಿದ. ಎಲ್ಲರಿಗೂ ಅನುಕೂಲವೇ ಆಯಿತು. ನನಗೂ ತಲೆನೋವು ಹೋಯಿತು.

ಒಂದು ವರ್ಷ ಅವಳ ಕೈ ತಪ್ಪಲಿಲ್ಲ. ಆಮೇಲೆ ತಪ್ಪತೊಡಗಿತು. ಯಾರದೋ ಸಜ್ಜೆ ಹಿಟ್ಟು ಇನ್ಯಾರಿಗೋ ಹೋಯಿತು. ಗೀತಮ್ಮ ತನ್ನ ಕೂಸಿನ ಗಂಜಿಗೆಂದು ಮೊಳಕೆ ಕಟ್ಟಿ, ಒಣಗಿಸಿ, ಹುರಿದು ತಂದಿದ್ದ ರಾಗಿ ನಾಗಲಿಂಗಮ್ಮನ ಮನೆಗೆ ಹೋಯಿತು. ನಾಗಲಿಂಗಮ್ಮ ಅದನ್ನು ಎಮ್ಮೆಗೆ ಕಲಸಿ ಇಟ್ಟಳು! ಗೀತಮ್ಮ ಬೀದಿಯಲ್ಲಿ ನಿಂತು ಅತ್ತಳು. ಪಕ್ಕೀರಮ್ಮ ಗಾಜಿನ ಒಳಗೆ ಕುಳಿತು ಸುಮ್ಮನೆ ನೋಡುತ್ತಿದ್ದಳು. ಮೊದಲಿನ ಪಕ್ಕೀರಮ್ಮನಾಗಿದ್ದರೆ ಹೊರಗೆ ಬಂದು ಗೀತಮ್ಮನ ಜೊತೆ ತಾನೂ ಅತ್ತು, ನಾಗಲಿಂಗಮ್ಮನ ಎಮ್ಮೆಗೂ ನಾಲ್ಕು ಬೈಯುತ್ತಿದ್ದಳು.

ಇಂದು ಯಾವ ವಾರ ಎಂದು ನನ್ನನ್ನೇ ಕೇಳಲು ಶುರು ಮಾಡಿದಳು. ಊಟ ಮಾಡಿದೆಯಾ ಎಂದರೆ ಯೋಚಿಸುತ್ತಿದ್ದಳು. ಮಗ ದಾವಣಗೆರೆಗೆ ಕರೆದುಕೊಂಡು ಹೋಗಿ ತಲೆಯ ಫೋಟೋ ತೆಗೆಸಿದ. ಕಾಯಿಲೆ ಏನೂ ಕಾಣುವುದಿಲ್ಲ, ವಯಸ್ಸು, ವಿಶ್ರಾಂತಿ ಕೊಡಿ ಎಂದರಂತೆ. ಅವನು ಗಿರಣಿ ಮಾರಲು ಕೊಟ್ಟೂರಿನವನೊಬ್ಬನೊಡನೆ ಮಾತಾಡಿದ. ತಾಯಿಗೆಂದು ಹರಪನಹಳ್ಳಿಯ ಮನೆಯಲ್ಲಿ ಮಹಡಿಯ ಕೋಣೆ ಖಾಲಿ ಮಾಡಿಸಿದ.

ಬೇಡವೆಂದವಳು ಕೋಮಲಾ. ಒಂದು ಭಾನುವಾರ ಬ್ಲೌಸ್ ಅಳತೆ ಕೊಡಲು ನನ್ನ ಅಂಗಡಿಗೆ ಬಂದವಳು, ಅತ್ತೆಯನ್ನೂ ಕರೆದು ಕೂರಿಸಿಕೊಂಡು ಹೇಳಿದಳು.

"ಅತ್ತಿ, ತಲಿಯೊಳಗ ನೆನಪಿಂದು ಒಂದು ಜಾಗ ಐತಿ. ದೊಡ್ಡವರಾದ ಮ್ಯಾಲೂ ಅಲ್ಲಿ ಹೊಸ ನರಕೋಶ ಹುಟ್ತಾವ. ಇಲಿಗಳೊಳಗ ಇದನ್ನ ನೋಡ್ಯಾರ. ಇಲಿನ ಒಂಟಿಯಾಗಿ ಇಟ್ರ ಆ ಹೊಸ ಕೋಶ ಕಡಿಮಿ ಆಗ್ತಾವ, ಜೊತಿ ಇದ್ರ ಹೆಚ್ಚು ಉಳೀತಾವ. ಒಂದೇ ಥರ ಕಾಣೋದನ್ನ ಇದು ಬ್ಯಾರೆ, ಅದು ಬ್ಯಾರೆ ಅಂತ ಹಿಡಿಯಾಕ ಆ ಹೊಸವು ಬೇಕಂತ."

"ಅಯ್ಯ ನಮ್ಮವ್ವ, ಕಡೀಕ ನನ್ನ ಇಲಿ ಮಾಡಿಬಿಟ್ಟೆಲ್ಲ!" ಎಂದಳು ಪಕ್ಕೀರಮ್ಮ. ಎಷ್ಟೋ ತಿಂಗಳ ಮೇಲೆ ಅವಳ ಬಾಯಿಂದ ಬಂದ ತಮಾಷೆ ಅದು.

"ಮನುಷ್ಯಾರಿಗೂ ಹಂಗ ಆಗ್ತೈತೇನು?" ಎಂದೆ ನಾನು.

"ಅದರಾಗ ವಿಜ್ಞಾನಿಗಳೊಳಗ ಇನ್ನೂ ಜಗಳ ಐತ್ರಿ. ಕೆಲವರು ಹೌದು ಅಂತಾರ, ಕೆಲವರು ಇಲ್ಲ ಅಂತಾರ. ನಾನು ಆಣಿ ಮಾಡಿ ಹೇಳಂಗಿಲ್ಲ. ಇನ್ನೊಂದು, ಕಚ್ಚೋ ಇಲಿ ಜೊತಿಗೆ ಇಟ್ರೂ ಕಡಿಮಿ ಆಗ್ತಾವಂತ."

"ಹಂಗಾದ್ರ ನಾಗಲಿಂಗಮ್ಮನ್ನ ದೂರ ಕೂರಸ್ರಿ," ಎಂದೆ. ಅತ್ತೆ ಸೊಸೆ ಇಬ್ಬರೂ ನಕ್ಕರು. ಪ್ರವೀಣಕುಮಾರ ಹೊರಗೆ ಫೋನಿನಲ್ಲಿದ್ದ.

ಮುಂದಿನ ವಾರವೇ ಕೋಮಲಾ ಹಾಸುಗಲ್ಲನ್ನು ಮತ್ತೆ ಹಾಕಿಸಿದಳು, ಗಾಜಿನ ಗೋಡೆಗೆ ದೊಡ್ಡ ಕಿಟಕಿ ಕೊಯ್ಯಿಸಿದಳು. ಕೆಮ್ಮಿಗೆ ಮೂಗಿನ ಮೇಲೆ ಬಟ್ಟೆ ಕಟ್ಟಿಕೊಳ್ಳಿ ಎಂದು ಅತ್ತೆಗೆ ಹೇಳಿದಳು. ಮಾತಾಡುವಾಗ ಪಕ್ಕೀರಮ್ಮ ಅದನ್ನು ಕೆಳಗೆ ಎಳೆದುಬಿಡುತ್ತಿದ್ದಳು, ಅದು ಬೇರೆ ಮಾತು. ಹೆಂಗಸರು ಮೊದಮೊದಲು ಕೂರಲಿಲ್ಲ. ಇಟ್ಟು ಹೋಗುವ ರೂಢಿ ಬಿದ್ದಿತ್ತು. ಗೀತಮ್ಮ ಮೊದಲು ಕೂತಳು, ನಂಬಿಕೆ ಇಲ್ಲದೆ ಕಾವಲಿಗೆ. ಅವಳನ್ನು ನೋಡಿ ಉಳಿದವರು ಬಂದರು. ಬೇಸಿಗೆ ಹೊತ್ತಿಗೆ ಗದ್ದಲ ವಾಪಸು ಬಂತು. ನನ್ನ ತಲೆನೋವೂ ಬಂತು. ತಿಂಗಳುಗಳು ಕಳೆದವು, ಚೀಲ ತಪ್ಪುವುದು ಕಡಿಮೆಯಾಯಿತು. ಹೆದ್ದಾರಿಯ ಹೋಟೆಲಿಗೆ ಹೊಸದಾಗಿ ಕೆಲಸಕ್ಕೆ ಬಂದವರ ಚೀಲವನ್ನೂ ಅವಳು ಗುರುತು ಹಿಡಿಯತೊಡಗಿದಳು. ನನಗೆ ಹೊಟ್ಟೆ ತಣ್ಣಗಾಯಿತು, ಸುಳ್ಳು ಯಾಕೆ ಹೇಳಲಿ.

ಆದರೆ ಮಗನ ಮನಸ್ಸು ಬದಲಾಗಿರಲಿಲ್ಲ. ಇಂದು ಸರಿ, ನಾಳೆ ಮರೆವಿನಲ್ಲಿ ಗಿರಣಿಯ ಪಟ್ಟಾಕ್ಕೆ ಸೆರಗು ಸಿಕ್ಕಿಸಿಕೊಂಡರೆ ಏನು ಗತಿ ಎಂಬ ಭಯ ಅವನದು. ಅದೂ ತಪ್ಪಲ್ಲ. ಒಂದು ಭಾನುವಾರ ಕೊಟ್ಟೂರಿನವನು ಗಿರಣಿ ನೋಡಲು ಬಂದೇಬಿಟ್ಟ. ಪಕ್ಕೀರಮ್ಮ ಸೊಂಟದಿಂದ ಕೀಲಿ ಬಿಚ್ಚಿ ಕಿಟಕಿಯ ಅಂಚಿನ ಮೇಲಿಟ್ಟಳು.

"ಪ್ರವೀಣಾ, ಇವತ್ತು ಸಂಜಿತನಕ ನೋಡು. ಒಂದು ಚೀಲ ತಪ್ಪಿದ್ರೂ ನಾನ ಈ ಕೀಲಿ ಅವ್ರ ಕೈಯಾಗ ಕೊಡ್ತೀನಿ. ತಪ್ಪಲಿಲ್ಲಾ ಅಂದ್ರ ಮತ್ತ ಈ ಮಾತು ಎತ್ತಬ್ಯಾಡ."

"ಆತವ್ವ," ಎಂದ ಅವನು.

ಅಂದು ನಾನು ಹೊಲಿಗೆ ಬಿಟ್ಟು ಅಂಗಡಿಯ ಬಾಗಿಲಲ್ಲೇ ಕೂತೆ. ಕಲ್ಲಿನ ಮೇಲೆ ಹೆಂಗಸರು ತುಂಬಿದ್ದರು, ಆದರೆ ಯಾರೂ ಅವಳಿಗೆ ಕಣ್ಸನ್ನೆ ಮಾಡಲಿಲ್ಲ. "ತಗೋ ಗೀತಮ್ಮ, ನಿನ್ನ ಕೂಸಿನ ಸರಿಹಿಟ್ಟು. ಹಲ್ಲು ಬಂತನ?" "ನಾಗಲಿಂಗಮ್ಮ, ಇದು ನಿಂದು, ಎಮ್ಮಿಗೆ ಹಾಕಬ್ಯಾಡ ಮತ್ತ." ನಾಗಲಿಂಗಮ್ಮ ಕೂಡ ನಕ್ಕಳು. ಒಂದೊಂದೇ ಚೀಲ ಸರಿಯಾದ ಕೈಗೆ ಹೋಯಿತು. ಸಂಜೆಗೆ ಕಲ್ಲು ಖಾಲಿಯಾಯಿತು. ಕೊಟ್ಟೂರಿನವನು ಎದ್ದು ಪಂಚೆ ಕೊಡವಿಕೊಂಡ.

ಒಳಗೆ ಒಂದು ಚೀಲ ಉಳಿದಿತ್ತು.

ಪಕ್ಕೀರಮ್ಮ ಅದನ್ನು ಎತ್ತಿದಳು, ಇಳಿಸಿದಳು. ಹಿಟ್ಟು ಚಿಟಿಕೆ ತೆಗೆದು ಮೂಸಿದಳು. ಬೀದಿಯ ಎರಡೂ ಕಡೆ ನೋಡಿದಳು. ಮುಖದಲ್ಲಿ ಆ ಹಳೆಯ ಗಾಜಿನ ಹಿಂದಿನ ನೋಟ ಬಂತು.

"ಇದು ಯಾರದು?" ಎಂದಳು. "ಯಾರರ ಒಯ್ಯೋದು ಮರತಾರೇನ್ ಹಂಪಮ್ಮ?"

ನನಗೆ ಗೊತ್ತಿತ್ತು. ಬೆಳಿಗ್ಗೆ ಅದನ್ನು ಕಾರಿನಿಂದ ಇಳಿಸಿದ್ದನ್ನು ನೋಡಿದ್ದೆ. ಪ್ರತಿ ತಿಂಗಳೂ ನೋಡುತ್ತೇನೆ, ಇಳಿಸಿದವರು ಕಲ್ಲಿನ ಮೇಲೆ ಒಂದು ಗಳಿಗೆ ಕೂತಿದ್ದಿಲ್ಲ. ಆದರೆ ನಾನು ಹೇಳಿಕೊಟ್ಟರೆ ಅವಳ ಪಂಥ ಕೆಡುತ್ತಿತ್ತು.

"ಅವ್ವಾ, ಅದು ನಮ್ಮದು," ಎಂದ ಪ್ರವೀಣಕುಮಾರ.

ಅವಳು ಅವನನ್ನು ನೋಡಿದಳು, ಚೀಲವನ್ನು ನೋಡಿದಳು. ಮಾತಿಗೆ ತಪ್ಪುವ ಹೆಂಗಸಲ್ಲ. ಕೀಲಿ ತೆಗೆದುಕೊಂಡು ಕೊಟ್ಟೂರಿನವನ ಕಡೆ ಕೈ ನೀಡಿದಳು. ನೀಡಿದ ಕೈ ಹಾಗೇ ಇಟ್ಟುಕೊಂಡು ಮಗನನ್ನು ಕೇಳಿದಳು:

"ಇದರಾಗ ಏನ್ ಹಾಕಿದ್ದಿ?"

"ಗೊತ್ತಿಲ್ಲವ್ವಾ. ಕೋಮಲಾ ಕಟ್ಟಿ ಕೊಟ್ಟಿದ್ಲು."

"ಯಾರಿಗೆ? ಮನಿಗೆ ಯಾರಾರ ಬರಾಕತ್ಯಾರನ? ಕೂಸಿಗೆ ರೊಟ್ಟಿ ಸೇರ್ತೈತನ ಈಗ?"

ಅವನು ಚೀಲದ ಬಾಯಿ ಬಿಡಿಸಿ ಒಳಗೆ ನೋಡಿದ.

"ಹಂಗಾದ್ರ ನನಗ ಹೆಂಗ ಗೊತ್ತಾಗಬೇಕಪ್ಪಾ ಇದು ನಿಂದು ಅಂತ?"

ಅದರಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ಕೇಳಿದಳು. ಪ್ರವೀಣಕುಮಾರ ಅವಳ ಕೈಯಿಂದ ಕೀಲಿ ತೆಗೆದು ಅವಳ ಸೆರಗಿನ ತುದಿಗೆ ತಾನೇ ಗಂಟು ಹಾಕಿದ. ಫೋನು ಬಡಿದುಕೊಂಡಿತು, ಅದನ್ನು ಆರಿಸಿದ. ಆಮೇಲೆ ಎಲ್ಲರೂ ಎದ್ದು ಹೋಗಿದ್ದ ಹಾಸುಗಲ್ಲಿನ ಮೇಲೆ ಹೋಗಿ ಕೂತ.