ಎಂಟನೇ ಸ್ಲೈಡಿನಲ್ಲಿ ಬಿಟ್ಟ ಮಾತು

ಎದುರುಮನೆಯ ನೀರಿನ ಮೋಟಾರು ಎರಡು ಸಲ ಕೆಮ್ಮಿ, ಮೂರನೆಯ ಸಲಕ್ಕೆ ಒಂದೇ ಸಮನೆ ಕೂಗತೊಡಗಿತು.

"ಇನ್ನು ಅರ್ಧ ಗಂಟೆ ರೆಕಾರ್ಡಿಂಗ್ ಆಗಲ್ಲ ಬಿಡು," ಎನ್ನುತ್ತ ಸಿಸ್ಟರಕ್ಕ ಸೆರಗಿಗೆ ಸಿಕ್ಕಿಸಿದ್ದ ಮೈಕು ತೆಗೆದಿಟ್ಟರು. ಮಾತಿನಲ್ಲಿ ಸಣ್ಣ ಖುಷಿಯಿತ್ತು.

ಇಪ್ಪತ್ತಾರು ವರ್ಷ ಆಸ್ಪತ್ರೆಯ ವಾರ್ಡುಗಳಲ್ಲಿ ನರ್ಸಾಗಿ ದುಡಿದು ನಿವೃತ್ತರಾದವರು. ಆಮೇಲೂ ಪ್ರತಿ ಗುರುವಾರ ಅಲ್ಲಿನ ಹಿಂದಿನ ಕೋಣೆಯಲ್ಲಿ, ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಳ್ಳುವವರಿಗೆ ಪಾಠ ಹೇಳುತ್ತಿದ್ದರು. ಉಳಿದ ಆರು ದಿನ ಅವರು ಯಾರಿಗೂ ಬೇಕಿರಲಿಲ್ಲ. ಈಗ ಅದೇ ಪಾಠವನ್ನು ಹನ್ನೆರಡು ಸ್ಲೈಡು ಮಾಡಿ, ಅವರ ದನಿ ಸೇರಿಸಿ, ಎಲ್ಲರ ಫೋನಿಗೂ ಕಳಿಸುತ್ತಾರಂತೆ. ಅದಕ್ಕೆಂದೇ ಆಸ್ಪತ್ರೆಯ ಕಂಪ್ಯೂಟರ್ ಹುಡುಗಿ ಲ್ಯಾಪ್‌ಟಾಪ್ ಹೊತ್ತು ಎರಡು ದಿನದಿಂದ ಮನೆಗೆ ಬರುತ್ತಿದ್ದಳು.

"ದನಿ ಸಿಕ್ಕ ಮೇಲೆ ನಾನ್ಯಾಕೆ ಬೇಕು? ಗುರುವಾರದ ಪಾಠ ನಿಲ್ಲಿಸ್ತಾರಾ?"

"ನನಗೇನೂ ಹೇಳಿಲ್ಲ ಆಂಟಿ."

"ಹೇಳಲ್ಲ. ನಂಗೊತ್ತು."

ಹುಡುಗಿ ತಂದಿದ್ದ ಬಿಸ್ಕತ್ತಿನ ಪೊಟ್ಟಣವನ್ನೂ ಅವರು ಒಡೆದಿರಲಿಲ್ಲ. ಒಳ್ಳೆಯ ಸುದ್ದಿ ಹೇಳುವವರು ಬಿಸ್ಕತ್ತು ಯಾಕೆ ತರುತ್ತಾರೆ?

ಎಂಟನೇ ಸ್ಲೈಡು ಮಲಗಿದವರನ್ನು ಮಗ್ಗುಲಿಗೆ ಹೊರಳಿಸುವುದು. ಹಿಂದಿನ ದಿನ ಅದನ್ನು ಹೇಳುವಾಗ ಸಿಸ್ಟರಕ್ಕ ಬೇಕೆಂದೇ ಒಂದು ಮಾತು ನುಂಗಿಕೊಂಡಿದ್ದರು: ಮೊದಲು ಆಚೆ ಬದಿಯ ಮೊಣಕಾಲು ಮಡಿಸಬೇಕು. ಅದನ್ನು ಕಲಿಯಲಿಕ್ಕಾದರೂ ಜನ ಗುರುವಾರ ಬರಲಿ.

ಮೋಟಾರು ಇನ್ನೂ ಓಡುತ್ತಿರುವಾಗಲೇ ಕೆಳಗಿನ ಅಂಗಡಿಯ ಟೈಲರಮ್ಮ ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಮೇಲೆ ಬಂದಳು. ಅವಳ ಅತ್ತೆ ಹಾಸಿಗೆ ಹಿಡಿದು ಎರಡು ತಿಂಗಳಾಗಿತ್ತು. ಪಾಠ ಅರ್ಥವಾಗುತ್ತದೋ ಇಲ್ಲವೋ ನೋಡೋಣವೆಂದು ಹುಡುಗಿ ಹಿಂದಿನ ದಿನವೇ ಮುಗಿದಷ್ಟು ಸ್ಲೈಡುಗಳನ್ನು ಅವಳಿಗೆ ಕಳಿಸಿದ್ದಳು.

"ಎಲ್ಲಿ, ಆ ಹೊರಳಿಸೋದನ್ನ ನನ್ನ ಮೇಲೆ ಮಾಡಿ ತೋರಿಸಿ," ಎಂದು ಹುಡುಗಿ ಚಾಪೆಯ ಮೇಲೆ ಕೊರಡಿನಂತೆ ಬಿದ್ದುಕೊಂಡಳು.

ಕಾಲು ಚಾಚಿಕೊಂಡಿದ್ದ ಮೈ ಹೊರಳದಾಗ ಟೈಲರಮ್ಮ ಅವಳ ತೋಳು ಹಿಡಿದು ಜಗ್ಗಿದಳು.

"ಅಯ್ಯೋ, ಭುಜ ಕಿತ್ತು ಬರುತ್ತೆ ಕಣ್ರೀ!"

"ನಿಂಗೂ ನೋಯ್ತಾ?" ಟೈಲರಮ್ಮನ ಮುಖ ಸಣ್ಣದಾಯಿತು. "ಆ ಪಾಠ ಕೇಳ್ಕೊಂಡು ಹೊರಳಿಸ್ದಾಗ ನಮ್ಮತ್ತೆ ನಿನ್ನೆ ಹಿಂಗೇ ಕಿರುಚಿದ್ರು. ನಾಟಕ ಸಾಕು ಅಂತ ಬೈದ್ಬಿಟ್ಟೆ. ಆವಾಗಿಂದ ಆ ಕೈ ಎತ್ತೇ ಇಲ್ಲ ಅಕ್ಕ."

ಸಿಸ್ಟರಕ್ಕ ಗೋಡೆ ಹಿಡಿದು ಎದ್ದರು.

"ಆ ಎಂಟನೇದು ಅಳಿಸು."

"ಯಾಕೆ ಆಂಟಿ? ದನಿ ಚೆನ್ನಾಗಿ ಬಂದಿದೆ."

"ದನಿ ಸುಡ್ಲಿ. ಬಂದು ಪೂರ್ತಿ ಹೇಳ್ತೀನಿ. ಗುರುವಾರ ಹೋದ್ರೆ ಹೋಗ್ಲಿ."

ಚಪ್ಪಲಿ ಮೆಟ್ಟಿ, ಟೈಲರಮ್ಮನನ್ನು ಮುಂದೆ ಮಾಡಿಕೊಂಡು ಮೆಟ್ಟಿಲಿಳಿಯತೊಡಗಿದರು.

"ನಿಮ್ಮತ್ತೇದು ನಾಟಕ ಅಲ್ಲ ಕಣೆ, ತಪ್ಪು ನಂದು. ಮೊದಲು ಆ ಭುಜ ನೋಡೋಣ ನಡಿ. ಕೈ ಜಗ್ಗಲೇಬಾರದು. ಆಚೆ ಕಡೆ ಮೊಣಕಾಲು ಮಡಿಸಿ, ಪಾದ ಹಾಸಿಗೆಗೆ ಊರಿಸಿ, ಆಮೇಲೆ ಸೊಂಟಕ್ಕೊಂದು ಕೈ, ಭುಜದ ಹಿಂದೆ ಇನ್ನೊಂದು ಕೈ ಇಟ್ಟು, ನಿಧಾನಕ್ಕೆ ನಿನ್ನ ಕಡೆ ಹೊರಳಿಸ್ಬೇಕು."